ಪ್ರವೇಶ ದೊರೆಯದ ವರ್ಷ

(ಮಠದ ಮಹೋತ್ಸವದ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಈ ದಿನಗಳಲ್ಲಿ ಷಟ್‌ಸ್ಥಲವನ್ನೂ ಅಷ್ಟಾವರಣವನ್ನೂ ಕುರಿತು ಪ್ರೌಢವಾದ ಉಪನ್ಯಾಸಗಳು ನಡೆದಿರುವವು. ಅವುಗಳ ನಡುವೆ ದಂತವೈದ್ಯ ಮಹಾವಿದ್ಯಾಲಯದ ಪ್ರವೇಶವೆಂಬ ಲೌಕಿಕ ವಿಷಯವು ಹೇಗೆ ಹೊಂದುವದೆಂದು ಕೆಲವರಿಗೆ ಸಂಶಯವು ಬರಬಹುದು. ಆದರೆ ಜೂನ್ ಜುಲೈ ತಿಂಗಳುಗಳಲ್ಲಿ ಈ ಮಠದ ಗದ್ದುಗೆಯ ಮುಂದೆ ನಿಂತು ಕಣ್ಣೀರಿಡುವ ತಂದೆತಾಯಿಗಳನ್ನು ಕಂಡವರಿಗೆ ಆ ಸಂಶಯವು ಉಳಿಯಲಾರದು. ಮಳೆ ಬಾರದಿದ್ದರೆ ಬೇಡಿಕೊಳ್ಳಲು ಬರುತ್ತಿದ್ದವರೇ ಈಗ ಮಗಳ ಅಂಕಪಟ್ಟಿಯನ್ನು ಹಿಡಿದುಕೊಂಡು ಬರುತ್ತಾರೆ. ಮಠವು ಭಕ್ತರ ಮನೆಯ ಚಿಂತೆಯಿಂದ ದೂರವಿರತಕ್ಕದ್ದಲ್ಲ. ಆದುದರಿಂದ ಈ ವಿಷಯವು ಇಲ್ಲಿಗೆ ಸಲ್ಲುವದು.

ಅಣ್ಣಿಗೇರಿಯ ಕಡೆಯ ಒಂದು ಒಕ್ಕಲುತನದ ಮನೆಯನ್ನು ಭಾವಿಸಿರಿ. ನಾಲ್ಕು ಎಕರೆ ಎರೆಹೊಲ. ಹೆಸರು, ಕಡಲೆ, ಹತ್ತಿ. ಹಿರಿಯ ಮಗಳು ಊರ ಕನ್ನಡ ಶಾಲೆಯಲ್ಲಿ ಓದಿ, ಧಾರವಾಡದಲ್ಲಿ ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿದವಳು. ದಂತವೈದ್ಯಳಾಗಬೇಕೆಂಬದು ಅವಳ ಬಯಕೆ. ನೀಟ್ ಪರೀಕ್ಷೆಯಲ್ಲಿ ಅರ್ಹಳೇನೋ ಆದಳು. ಆದರೆ ಸರಕಾರದ ಪಾಲಿನ ಸೀಟಿಗೆ ಅವಳ ಕ್ರಮಾಂಕವು ನಿಲುಕಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಮೂರು ಮಾತುಗಳು ಸುರುವಾಗುವವು. ಪೇಟೆಯ ದಲಾಲಿಯೊಬ್ಬನು ಬಂದು, ಆಡಳಿತ ಮಂಡಳಿಯ ಪಾಲಿನ ಸೀಟು ಇದೆ, ಈ ವಾರವೇ ಹಣ ಕಟ್ಟದಿದ್ದರೆ ಹೋಗುವದೆಂದು ಹೇಳುವನು. ತಂದೆಯು ಎರಡು ಎಕರೆಗೆ ಗಿರಾಕಿಯನ್ನು ಹುಡುಕತೊಡಗುವನು. ಸೋದರತ್ತೆಯು ನವಲಗುಂದದ ಕಡೆಯ ವರನ ಸುದ್ದಿಯನ್ನು ತರುವಳು. ಮಗಳಾದರೋ ಒಂದು ವರ್ಷ ತಡೆದು ಮತ್ತೆ ಬರೆಯುವೆನೆಂದು ಹಟ ಹಿಡಿಯುವಳು.

“ಯವ್ವಾ, ಒಂದು ವರ್ಷ ಮನ್ಯಾಗ ಕುಂತ್ರ ಮಂದಿ ಏನಂದಾರ?” ಎಂದು ತಾಯಿ ಕೇಳುವಳು.

“ಕುಂಡ್ರೂದಿಲ್ಲವ್ವಾ, ಓದ್ತೀನಿ,” ಎಂದು ಮಗಳು ಹೇಳುವಳು.

ಈ ಎರಡು ಮಾತುಗಳ ನಡುವಿನ ಅಂತರವೇ ಇಂದಿನ ವಿಷಯವು.

ಮೊದಲು, ಪ್ರವೇಶ ದೊರೆಯಲಿಲ್ಲವೆಂಬದರ ಅರ್ಥವನ್ನು ವಿಚಾರಿಸತಕ್ಕದ್ದು. ದಂತವೈದ್ಯವನ್ನು ವಿಧಿಪೂರ್ವಕವಾಗಿ ಕಲಿಸುವ ಕಾಲೇಜು ಈ ದೇಶದಲ್ಲಿ ಹುಟ್ಟಿ ಬಹಳ ಕಾಲವೇನೂ ಆಗಿಲ್ಲ. ಡಾಕ್ಟರ್ ರಫೀಉದ್ದೀನ್ ಅಹಮದರು 1920ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿಸಿದ್ದೇ ಮೊದಲನೆಯದು. ದಂತವೈದ್ಯರ ಕಾಯಿದೆಯು 1948ರಲ್ಲಿ ಬಂದಿತು. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರದು. ಹುಬ್ಬಳ್ಳಿಯಲ್ಲಿ 1957ರಲ್ಲಿಯೇ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವು ತೆರೆದರೂ, ಹಲ್ಲಿನ ವಿದ್ಯೆಯನ್ನು ಕಲಿಯಬೇಕೆಂಬ ಈ ಭಾಗದ ಹುಡುಗರು ದೂರ ಹೋಗಬೇಕಾಗಿದ್ದಿತು. 1986ರಲ್ಲಿ ಧರ್ಮಸ್ಥಳದ ಸಂಸ್ಥೆಯವರು ಹುಬ್ಬಳ್ಳಿ-ಧಾರವಾಡಗಳ ನಡುವೆ ಸತ್ತೂರಿನಲ್ಲಿ ದಂತವೈದ್ಯ ಮಹಾವಿದ್ಯಾಲಯವನ್ನು ತೆರೆದ ಮೇಲೆ ಆ ವಿದ್ಯೆಯು ಮನೆಯ ಬಾಗಿಲಿಗೆ ಬಂದಂತಾಯಿತು. ಹುಟ್ಟುವಾಗಲೇ ತುಟಿ ಸೀಳಿದ ಕೂಸುಗಳನ್ನು ಎತ್ತಿಕೊಂಡು ಹಳ್ಳಿಯ ತಾಯಂದಿರು ಅಲ್ಲಿಗೆ ಹೋಗುವದನ್ನು ಅನೇಕರು ಕಂಡಿರಬಹುದು.

ಪ್ರವೇಶದ ದಾರಿಯು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಕರ್ನಾಟಕದಲ್ಲಿ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯು ನಡೆಯತೊಡಗಿತು. ಅಖಿಲ ಭಾರತದ ನೀಟ್ ಪರೀಕ್ಷೆಯು 2013ರಲ್ಲಿ ಒಮ್ಮೆ ನಡೆದು, ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದಿಂದ ರದ್ದಾಗಿ, 2016ರಲ್ಲಿ ಮರಳಿ ಜಾರಿಗೆ ಬಂದಿತು. ವೈದ್ಯಕೀಯಕ್ಕೂ ದಂತವೈದ್ಯಕೀಯಕ್ಕೂ ಒಂದೇ ಪರೀಕ್ಷೆಯು. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 180 ನಿಮಿಷಗಳು, 720 ಅಂಕಗಳು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಳೆ. 2024ರಲ್ಲಿ ಈ ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೆ ಮಿಗಿಲು. ಇಡೀ ದೇಶದಲ್ಲಿ ದಂತವೈದ್ಯದ ಸೀಟುಗಳು 27 ಸಾವಿರದ ಆಚೀಚೆ. ಈ ಲೆಕ್ಕವನ್ನು ಸಾವಧಾನವಾಗಿ ನೋಡಿದ ತಂದೆಯು ಮಗಳನ್ನು ದಡ್ಡಿಯೆಂದು ಕರೆಯಲಾರನು. ಒಂದು ಪ್ರಶ್ನೆಗೆ ಒಂದು ನಿಮಿಷದಂತೆ ಮೂರು ತಾಸು ಕುಳಿತು ಎದ್ದವಳ ಗುಣವೂ ಶೀಲವೂ ಅಲ್ಲಿ ತೂಗಲ್ಪಟ್ಟಿಲ್ಲ. ಆ ದಿನದ ಉತ್ತರಗಳು ಮಾತ್ರ ಎಣಿಸಲ್ಪಟ್ಟಿವೆ.

ಕಲ್ಯಾಣದ ಅನುಭವ ಮಂಟಪದಲ್ಲಿಯೂ ಪ್ರವೇಶದ ಪರೀಕ್ಷೆಯೊಂದು ನಡೆದದ್ದುಂಟು. ಉಡುತಡಿಯಿಂದ ಒಬ್ಬಂಟಿಗಳಾಗಿ ಬಂದ ಮಹಾದೇವಿಯಕ್ಕನನ್ನು ಅಲ್ಲಮಪ್ರಭುಗಳು ಕಟುವಾದ ಪ್ರಶ್ನೆಗಳಿಂದ ಪರಿಕಿಸಿದ ಸಂಗತಿಯನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುವದು. ಅಲ್ಲಿ ಕೇಳುವವರು ಎದುರಿಗೆ ಇದ್ದರು, ಉತ್ತರವನ್ನು ಕೇಳಿ ಮತ್ತೆ ಕೇಳಿದರು, ಕೊನೆಗೆ ತಲೆವಾಗಿದರು. ಇಂದಿನ ಪರೀಕ್ಷೆಯಲ್ಲಿ ಕೇಳುವವನ ಮುಖವು ಕಾಣುವದಿಲ್ಲ, ಉತ್ತರದ ಚುಕ್ಕೆಯನ್ನು ಯಂತ್ರವು ಓದುವದು. 23 ಲಕ್ಷ ಜನರನ್ನು ಬೇರೆ ರೀತಿಯಿಂದ ಪರಿಕಿಸುವದು ಕಠಿನವೆಂಬದೂ ನಿಜ. ಆದರೆ ಯಂತ್ರದ ತೀರ್ಪನ್ನು ಪ್ರಭುಗಳ ತೀರ್ಪೆಂದು ಭಾವಿಸಿ ಕೊರಗುವದು ಅವಿವೇಕವು.

ಇನ್ನು ದಲಾಲಿಯ ಮಾತು. ಈ ವಾರವೇ ಕಟ್ಟಿರಿ, ಇಲ್ಲದಿದ್ದರೆ ಹೋಯಿತು ಎಂಬುವವನಿಗೆ ಹೇಳತಕ್ಕ ಒಂದು ಸಂಗತಿಯಿದೆ. 2020-21ನೆಯ ಸಾಲಿನಲ್ಲಿ ದೇಶದ ದಂತವೈದ್ಯ ಕಾಲೇಜುಗಳಲ್ಲಿ ಸುಮಾರು 7,000 ಸೀಟುಗಳು ತುಂಬದೆ ಉಳಿದಿದ್ದವು. 2021ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅರ್ಹತೆಯ ಪರ್ಸೆಂಟೈಲನ್ನು ಆ ಸಾಲಿಗೆ ಹತ್ತರಷ್ಟು ಇಳಿಸಲು ಆಜ್ಞಾಪಿಸಿತು. ಖಾಸಗಿ ಕಾಲೇಜುಗಳವರು ಫೀಯನ್ನು ಕಡಿಮೆ ಮಾಡುವದನ್ನು ವಿಚಾರಿಸಬೇಕೆಂದೂ ಹೇಳಿತು. ಅಂದರೆ ಕೊರತೆಯಿರುವದು ಬಡವನಿಗೆ ನಿಲುಕುವ ಸೀಟುಗಳದು, ಹಣದ ಸೀಟುಗಳದಲ್ಲ. ಹಣದ ಸೀಟು ಮುಂದಿನ ವರ್ಷವೂ ಇದ್ದೇ ಇರುವದು. ಮಾರಿದ ಎರೆಹೊಲವು ಮರಳಿ ಬರುವದಿಲ್ಲ. ಐದು ವರ್ಷ ಲಕ್ಷಗಟ್ಟಲೆ ಸುರಿದು ದಂತವೈದ್ಯಳಾದವಳು ಸಾಲ ತೀರಿಸುವ ಅವಸರದಲ್ಲಿ ರೋಗಿಯ ಬಾಯನ್ನು ನೋಡುವ ಬದಲು ಕಿಸೆಯನ್ನು ನೋಡತೊಡಗಿದರೆ ಆ ದೋಷವು ಯಾರದು?

ಇನ್ನೊಂದು ಮಾತು. ಮೊದಲನೆಯ ಸುತ್ತಿನಲ್ಲಿ ಸೀಟು ಸಿಕ್ಕದವರು ಎಲ್ಲವೂ ಮುಗಿಯಿತೆಂದು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗುವದುಂಟು. ದಂತವೈದ್ಯದ ಸೀಟು ಹಿಡಿದವರಲ್ಲಿ ಅನೇಕರು ಮುಂದಿನ ಸುತ್ತುಗಳಲ್ಲಿ ವೈದ್ಯಕೀಯದ ಸೀಟು ದೊರೆತೊಡನೆ ಇದನ್ನು ಬಿಟ್ಟು ಹೋಗುವರು. ಹೀಗಾಗಿ ಕೊನೆಯ ಸುತ್ತುಗಳಲ್ಲಿ ಸ್ಥಳಗಳು ತೆರವಾಗುವವು. ಸುತ್ತುಗಳೆಲ್ಲ ಮುಗಿಯುವ ಮೊದಲು ನಿರಾಶೆಗೆ ಕಾರಣವಿಲ್ಲ. ಇಲ್ಲಿ ಒಂದು ವಿಪರ್ಯಾಸವನ್ನೂ ಹೇಳಬೇಕು. ಹಲ್ಲಿನ ವಿದ್ಯೆಯನ್ನೇ ಮನಸಾರೆ ಬಯಸಿದವರು ಕಡಿಮೆ. ದೊಡ್ಡ ವೈದ್ಯಕೀಯವು ತಪ್ಪಿದ್ದರಿಂದ ಸಮಾಧಾನಕ್ಕೆಂದು ಇದನ್ನು ಹಿಡಿಯುವವರು ಬಹಳ. ಮನಸ್ಸಿಲ್ಲದವರು ಮುಂದಿನ ಸಾಲಿನಲ್ಲಿ ಕುಳಿತಾಗ ಮನಸ್ಸುಳ್ಳವಳು ಬಾಗಿಲ ಹೊರಗೆ ನಿಲ್ಲುವಳು.

ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಸಮಾಜದಲ್ಲಿ ಹಲ್ಲಿನ ವೈದ್ಯನು ಅರ್ಧ ವೈದ್ಯನೆಂಬ ಮಾತು ಹುಟ್ಟಬಾರದಾಗಿದ್ದಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದನು. ತನ್ನ ವೃತ್ತಿಯ ಪರಿಭಾಷೆಯಲ್ಲಿಯೇ ಅನುಭಾವವನ್ನು ಹೇಳಿದವನು. ನುಲಿಯ ಚಂದಯ್ಯನು ಹಗ್ಗ ಹೊಸೆದನು, ಮಾಚಯ್ಯನು ಬಟ್ಟೆ ಒಗೆದನು; ಮಂಟಪದಲ್ಲಿ ಇವರ ಪೀಠವು ಕೆಳಗಿರಲಿಲ್ಲ. ಗದಗು, ಮುಂಡರಗಿಗಳ ಕಡೆಯ ಕೆಲವು ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದುಗಟ್ಟುವದನ್ನು ನೋಡಿದವರಿಗೆ, ಗುಟಖಾ ತಂಬಾಕುಗಳನ್ನು ಅಗಿದು ಬಾಯಿ ತೆರೆಯಲಾರದೆ ಆಸ್ಪತ್ರೆಗೆ ಬರುವ ಹಮಾಲರನ್ನು ಕಂಡವರಿಗೆ, ಈ ಕಾಯಕದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಟಖಾವನ್ನು ಕರ್ನಾಟಕ ಸರಕಾರವು 2013ರಲ್ಲಿ ನಿಷೇಧಿಸಿತು. ಚಟಕ್ಕೆ ಆ ಆಜ್ಞೆಯು ಇನ್ನೂ ತಲುಪಿದಂತಿಲ್ಲ.

ಹಾಗಾದರೆ ಒಂದು ವರ್ಷ ತಡೆಯುವದು ಯುಕ್ತವೇ? ಎಲ್ಲರಿಗೂ ಯುಕ್ತವೆಂದು ಹೇಳಲಾಗದು. ಹೆಸರಿನ ಮುಂದೆ ಡಾಕ್ಟರ್ ಎಂಬ ಪದವೊಂದನ್ನೇ ಬಯಸಿದವನು ತಡೆದೂ ಫಲವಿಲ್ಲ. ಬೇಕಾದ ಅಂಕಗಳಿಗಿಂತ ಬಹುದೂರ ಹಿಂದೆ ಬಿದ್ದು, ಭೌತಶಾಸ್ತ್ರದ ಪುಸ್ತಕವನ್ನು ಕಂಡರೆ ಎದೆ ನಡುಗುವ ಹುಡುಗನನ್ನು ಹಟದಿಂದ ಕೂಡ್ರಿಸುವದು ಹಿಂಸೆಯು. ಅಂಥವನಿಗೆ ಬೇರೆ ದಾರಿಗಳುಂಟು. 1948ರ ಆ ಕಾಯಿದೆಯೇ ದಂತವೈದ್ಯನೊಡನೆ ಕೃತಕ ಹಲ್ಲುಗಳನ್ನು ಮಾಡುವ ಡೆಂಟಲ್ ಮೆಕ್ಯಾನಿಕನನ್ನೂ, ಹಲ್ಲು ಶುಚಿಮಾಡುವ ಹೈಜಿನಿಸ್ಟನನ್ನೂ ಮನ್ನಿಸಿತು. ಆದರೆ ಅಂತರವು ಸ್ವಲ್ಪವಾಗಿದ್ದು, ಬಯಕೆಯು ನಿಜವಾಗಿದ್ದು, ತಪ್ಪಿದ್ದು ಎಲ್ಲಿ ಎಂಬದು ತಿಳಿದಿದ್ದರೆ, ಆ ಒಂದು ವರ್ಷವನ್ನು ಕೊಡುವದು ಹೊಲ ಮಾರುವದಕ್ಕಿಂತ ಸಾವಿರ ಪಾಲು ಲೇಸು. ಈ ಪರೀಕ್ಷೆಗೆ ಇಷ್ಟೇ ಸಲ ಕೂಡ್ರಬೇಕೆಂಬ ಮಿತಿಯನ್ನು ನಿಯಮಗಳು ವಿಧಿಸಿಲ್ಲ. ಆದುದರಿಂದಲೇ ಮಿತಿಯನ್ನು ಮನೆಯವರು ಹಾಕಿಕೊಳ್ಳಬೇಕು. ಒಂದು ವರ್ಷವೆಂದರೆ ಒಂದೇ ವರ್ಷವೆಂದು ತಂದೆ, ತಾಯಿ, ಮಕ್ಕಳು ಮೊದಲೇ ಕುಳಿತು ಒಪ್ಪಿಕೊಂಡಿದ್ದರೆ ಮುಂದೆ ಪರಸ್ಪರ ದೂಷಣೆಗೆ ಎಡೆಯಿರದು.

ಧಾರವಾಡಕ್ಕೆ ಕಾಯುವಿಕೆಯು ಹೊಸದಲ್ಲ. ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ನಪಾಸಾದವರು ಮತ್ತೊಂದು ವರ್ಷ ಓದಿ ಕೂಡ್ರುತ್ತಿದ್ದರು. ಪಾಸಾದವರು ಕಾಲೇಜಿಗೆಂದು ಪುಣೆ ಮುಂಬಯಿಗಳಿಗೆ ಹೋಗಬೇಕಾಗಿದ್ದಿತು. 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವ ವರೆಗೆ ಅದೇ ಸ್ಥಿತಿಯು. ಹೋಗಲಾರದವರು ಹೊಲಕ್ಕೆ ಮರಳಿದರು. ಶಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದದ್ದೂ, ಮುರುಘಾಮಠದಂಥ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದದ್ದೂ ಆ ಕಷ್ಟವನ್ನು ಕಂಡೇ.

ಅದೇ ಮುರುಘಾಮಠದ ಮೃತ್ಯುಂಜಯ ಅಪ್ಪಗಳನ್ನು ಗುರುವೆಂದು ನಂಬಿದ ಒಬ್ಬ ಭಕ್ತರ ಜೀವನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೆನೆಯುವದು ಉಚಿತವು. ಮಲ್ಲಿಕಾರ್ಜುನ ಮನಸೂರರು 1910ರಲ್ಲಿ ಧಾರವಾಡದ ಮಗ್ಗುಲಿನ ಮನಸೂರಿನಲ್ಲಿ ಜನಿಸಿದರು. ಶಾಲೆಯ ಓದು ಬೇಗನೆ ನಿಂತಿತು. ನಾಟಕದ ಕಂಪನಿಯನ್ನು ಸೇರಿದರು. ಅಲ್ಲಿ ಇವರ ಕಂಠವನ್ನು ಕೇಳಿದ ನೀಲಕಂಠಬುವಾ ಮಿರಜಕರರು ಶಿಷ್ಯನನ್ನಾಗಿ ಕರೆದೊಯ್ದು ವರ್ಷಾನುಗಟ್ಟಲೆ ಗ್ವಾಲಿಯರ ಪದ್ಧತಿಯ ಗಾಯನವನ್ನು ಕಲಿಸಿದರು. ಗ್ರಾಮಫೋನಿನ ತಟ್ಟೆಗಳು ಹೊರಬಂದವು, ಹೆಸರಾಯಿತು. ಮತ್ತೊಬ್ಬನಾಗಿದ್ದರೆ ಕಲಿತದ್ದು ಸಾಕೆನ್ನುತ್ತಿದ್ದನು. ಮನಸೂರರಾದರೋ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗನಾದ ಮಂಜೀಖಾನರ ಗಾಯನವನ್ನು ಕೇಳಿ, ತಾವು ಕಲಿತದ್ದು ಸಾಲದೆಂದು ಕಂಡುಕೊಂಡು, ಹೆಸರಾದ ಗಾಯಕನು ಮತ್ತೆ ಶಿಷ್ಯನಾಗಿ ಕುಳಿತರು. ಆ ಪಾಠವು ಹೆಚ್ಚು ಕಾಲ ನಡೆಯಲಿಲ್ಲ. 1937ರಲ್ಲಿ ಮಂಜೀಖಾನರು ತೀರಿಕೊಂಡರು. ದಾರಿಯು ಮುಚ್ಚಿತು. ಆಗ ಅವರು ಮಂಜೀಖಾನರ ತಮ್ಮನಾದ ಭೂರ್ಜಿಖಾನರಲ್ಲಿಗೆ ಹೋಗಿ ಮತ್ತೆ ಕಲಿತರು. ಲೋಕವು ಅವರನ್ನು ದೊಡ್ಡ ಗೌರವಗಳಿಂದ ಕಂಡದ್ದು ಮುಪ್ಪಿನಲ್ಲಿ. 1970ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮವಿಭೂಷಣ. ಧಾರವಾಡದ ಅವರ ಮನೆಗೆ ಮೃತ್ಯುಂಜಯವೆಂದೇ ಹೆಸರು. ಅವರು ಕಾಯ್ದ ಕಾಲವೆಲ್ಲ ರಿಯಾಜಿನ ಕಾಲವಾಗಿದ್ದಿತೆಂಬದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸುಮ್ಮನೆ ಕುಳಿತು ಕಾಯ್ದವರಿಗೆ ಭೂರ್ಜಿಖಾನರು ದೊರೆಯುತ್ತಿರಲಿಲ್ಲ.

ಇನ್ನು ಆ ವರ್ಷದಲ್ಲಿ ಮಾಡತಕ್ಕದ್ದೇನು? ಪಾಠಶಾಲೆಗಳಲ್ಲಿ ಶ್ರವಣ, ಮನನ, ನಿದಿಧ್ಯಾಸಗಳೆಂದು ಮೂರನ್ನು ಹೇಳುವರು. ಪಿಯುಸಿಯ ಎರಡು ವರ್ಷಗಳಲ್ಲಿ ಹುಡುಗರಿಗೆ ಆದದ್ದು ಬಹುಮಟ್ಟಿಗೆ ಶ್ರವಣವು. ಬೆಳಗಿನಿಂದ ಸಂಜೆಯ ವರೆಗೆ ಕೇಳಿದ್ದು, ರಾತ್ರಿ ಬರೆದುಕೊಂಡದ್ದು, ಮನನಕ್ಕೆ ಎಡೆಯೆಲ್ಲಿ? ರಿಪೀಟರ್ ಎಂದು ಜನರು ಹಗುರಾಗಿ ಕರೆಯುವ ವಿದ್ಯಾರ್ಥಿಗೆ ದೊರೆತಿರುವದು ಮನನದ ವರ್ಷವು. ಮತ್ತೆ ಅದೇ ಪಾಠವನ್ನು ಮೊದಲಿನಿಂದ ಕೇಳಲು ಹೊಸ ಕ್ಲಾಸಿಗೆ ಹಣ ಕಟ್ಟುವ ಮುನ್ನ ಹಳೆಯ ಉತ್ತರಗಳನ್ನು ತೆಗೆದು ನೋಡಲಿ. ಹುಬ್ಬಳ್ಳಿಯ ದುರ್ಗದಬೈಲಿನ ವರ್ತಕನು ದಿನದ ಕಿರ್ದಿಯನ್ನು ರಾತ್ರಿ ಖಾತೆಗೆ ಹಚ್ಚದೆ ಮಲಗುವದಿಲ್ಲ. ಹಾಗೆಯೇ ತಪ್ಪಿದ ಪ್ರಶ್ನೆಗಳಿಗೊಂದು ಖಾತೆಯಿರಲಿ: ತಿಳಿಯದೆ ತಪ್ಪಿದ್ದು ಒಂದು ಕಡೆ, ತಿಳಿದೂ ಅವಸರದಿಂದ ತಪ್ಪಿದ್ದು ಇನ್ನೊಂದು ಕಡೆ, ಊಹೆಯಿಂದ ಬರೆದು ಅಂಕ ಕಳೆದುಕೊಂಡದ್ದು ಮತ್ತೊಂದು ಕಡೆ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಅರ್ಧ ಪರೀಕ್ಷೆಯು ಅದೊಂದೇ. ಅದನ್ನು ಬಾಯಿಪಾಠದ ವಿಷಯವೆಂದು ತಾತ್ಸಾರ ಮಾಡಿ, ಭೌತಶಾಸ್ತ್ರದ ಭಯದಲ್ಲಿಯೇ ವರ್ಷವನ್ನು ಕಳೆದವರು ಅನೇಕರು.

ಪರೀಕ್ಷೆಯು ಕೇಳದ ಒಂದು ವಿದ್ಯೆಯೂ ಇದೆ. ಅದು ಕೈಯ ವಿದ್ಯೆ. ದಂತವೈದ್ಯ ಕಾಲೇಜಿನ ಮೊದಲನೆಯ ವರ್ಷದಲ್ಲಿಯೇ ಮೇಣದ ಗಟ್ಟಿಯನ್ನು ಕೊಟ್ಟು, ಕೋರೆಹಲ್ಲು, ದವಡೆಹಲ್ಲುಗಳ ಆಕೃತಿಯನ್ನು ಅಳತೆಯಿಂದ ಕೆತ್ತಿಸುವರು. ಕೆನಡಾ ದೇಶದಲ್ಲಿ ಬಹುಕಾಲದ ವರೆಗೆ ಪ್ರವೇಶ ಪರೀಕ್ಷೆಯಲ್ಲಿಯೇ ಸಾಬೂನಿನ ತುಂಡನ್ನು ಕೆತ್ತುವ ಭಾಗವೊಂದಿದ್ದಿತು. ಇಲ್ಲಿ 720 ಅಂಕಗಳಲ್ಲಿ ಬೆರಳಿಗೆ ಒಂದೂ ಇಲ್ಲ. ಓದಿ ದಣಿದ ಸಂಜೆಯಲ್ಲಿ ಅರ್ಧ ತಾಸು ಸಾಬೂನನ್ನೋ ಸುಣ್ಣದ ಕಡ್ಡಿಯನ್ನೋ ಕೆತ್ತುವದು, ಕನ್ನಡಿಯೊಳಗೆ ನೋಡುತ್ತ ಗೆರೆ ಎಳೆಯುವದು ಮನಸ್ಸಿಗೆ ವಿಶ್ರಾಂತಿಯೂ ಆಗುವದು, ಕೈಗೆ ಪಾಠವೂ ಆಗುವದು. ಬಾಯಿಯ ಹಿಂಬದಿಯ ಹಲ್ಲನ್ನು ವೈದ್ಯನು ಪುಟ್ಟ ಕನ್ನಡಿಯಲ್ಲಿ ತಿರುವುಮುರುವಾಗಿಯೇ ನೋಡಿ ಕೆಲಸ ಮಾಡಬೇಕಾಗುವದು. ಮನೆಯ ಸಮೀಪದಲ್ಲಿ ಪತ್ತಾರರ ಅಂಗಡಿಯಿದ್ದರೆ ಅಲ್ಲಿ ಹೋಗಿ ಕುಳಿತು ನೋಡಿದರೂ ಲಾಭವುಂಟು. ಹುಡುಗಿಯರು ಅಲ್ಲಿ ಕೂಡ್ರಬಾರದೆಂಬ ನಿಯಮವು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ನಾಡಿನ ಹಲವು ಜಿಲ್ಲೆಗಳಿಂದ ಬಂದ ತರುಣರು ಸಣ್ಣ ಕೋಣೆಗಳಲ್ಲಿದ್ದುಕೊಂಡು ಒಂದಿಲ್ಲೊಂದು ಪರೀಕ್ಷೆಗೆ ಓದುತ್ತಿರುವರು. ಅವರಲ್ಲಿ ಸೋತು ಕುಳಿತವರೂ ಇರುವರು, ಮನೆಗೆ ಫೋನು ಮಾಡುವದನ್ನು ಬಿಟ್ಟವರೂ ಇರುವರು. ಈ ಮಾತನ್ನು ಮೃದುವಾಗಿ, ಆದರೆ ಸ್ಪಷ್ಟವಾಗಿ ಹೇಳಬೇಕಾಗಿದೆ. ರಾಜಸ್ಥಾನದ ಕೋಟಾ ಪಟ್ಟಣದಲ್ಲಿ ಪರೀಕ್ಷೆಯ ಭಾರದಿಂದ ಮಕ್ಕಳು ಪ್ರಾಣವನ್ನೇ ಕಳೆದುಕೊಂಡ ವಾರ್ತೆಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಶರೀರವನ್ನೇ ದೇವಾಲಯವೆಂದು ತಿಳಿದ, ಅಂಗೈಯಲ್ಲಿ ಲಿಂಗವನ್ನು ಹಿಡಿದ ಮನೆತನದ ಮಗುವು ಒಂದು ಕ್ರಮಾಂಕಕ್ಕಾಗಿ ತನ್ನನ್ನು ನಿಂದಿಸಿಕೊಳ್ಳತೊಡಗಿದರೆ ಆ ಮನೆಯವರು ಎಚ್ಚರಾಗಬೇಕು. ಊಟ ಬಿಟ್ಟರೆ, ನಿದ್ರೆ ಬಿಟ್ಟರೆ, ಮಾತು ಬಿಟ್ಟರೆ ಅದನ್ನು ಸೋಮಾರಿತನವೆಂದು ಬೈಯತಕ್ಕದ್ದಲ್ಲ. ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯದ ಸರಕಾರಿ ಸಂಸ್ಥೆಯಾದ ಡಿಮ್ಹಾನ್ಸ್ ಇದೆ; 2022ರಲ್ಲಿ ಸುರುವಾದ ಟೆಲಿ ಮಾನಸ್ ಸೇವೆಯನ್ನು 14416 ಎಂಬ ಸಂಖ್ಯೆಗೆ ಕರೆಮಾಡಿ ಪಡೆಯಬಹುದು. ಜ್ವರ ಬಂದರೆ ವೈದ್ಯನಲ್ಲಿಗೆ ಹೋಗಲು ನಾಚದವರು ಇದಕ್ಕೂ ನಾಚಬೇಕಾಗಿಲ್ಲ.

ಸೋದರತ್ತೆಯು ತಂದ ವರನ ಮಾತು ಉಳಿಯಿತು. ಗಂಡು ಮಗನು ಒಂದು ವರ್ಷ ತಡೆದರೆ ಓದುತ್ತಿದ್ದಾನೆನ್ನುವರು. ಹೆಣ್ಣು ಮಗಳು ತಡೆದರೆ ಮನೆಯಲ್ಲಿ ಕುಳಿತಿದ್ದಾಳೆನ್ನುವರು. ಅಕ್ಕನಾಗಮ್ಮನನ್ನೂ, ಲಕ್ಕಮ್ಮನನ್ನೂ, ಮುಕ್ತಾಯಕ್ಕನನ್ನೂ ನಿತ್ಯವೂ ನೆನೆಯುವ ಮನೆಗಳಲ್ಲಿ ಈ ಭೇದವು ಉಳಿದಿರುವದು ನಾಚಿಕೆಗೇಡು. ಕಠೋಪನಿಷತ್ತಿನ ನಚಿಕೇತನು ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾಯ್ದದ್ದಕ್ಕೆ ಮೂರು ವರಗಳನ್ನು ಪಡೆದನು. ಆ ಬಾಲಕನನ್ನು ಯಾರೂ ಖಾಲಿ ಕುಳಿತವನೆಂದು ಹಳಿದಿಲ್ಲ. ವರನು ಯೋಗ್ಯನಾಗಿದ್ದರೆ ಒಂದು ವರ್ಷ ಅವನೂ ಕಾಯಲಿ.

ಕೊನೆಗೆ ಒಂದು ವ್ಯವಹಾರದ ಸೂಚನೆಯು. ಒಂದರಿಂದ ಹತ್ತನೆಯ ತರಗತಿಯ ವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿಯೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೊಂದು ಮೀಸಲಾತಿಯೂ ರಾಜ್ಯದ ಸೀಟುಗಳಲ್ಲಿ ಉಂಟು. ಅಣ್ಣಿಗೇರಿಯ ಆ ಮಗಳಿಗೆ ಎರಡೂ ಸಲ್ಲುವವು. ಆದರೆ ಪ್ರಮಾಣಪತ್ರವು ಕೈಯಲ್ಲಿಲ್ಲದೆ ಹಕ್ಕು ತಪ್ಪಿಸಿಕೊಂಡವರು ಉಂಟು. ಕೊನೆಯ ದಿನ ಓಡಾಡಿದರೆ ಮುಖ್ಯಾಧ್ಯಾಪಕರು ರಜೆಯಲ್ಲಿರುವರು, ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಸಾಲು ಇರುವದು. ಪರೀಕ್ಷೆಯು 2024ರಲ್ಲಿಯೂ 2025ರಲ್ಲಿಯೂ ಮೇ ತಿಂಗಳ ಮೊದಲನೆಯ ರವಿವಾರ ನಡೆಯಿತು. ಈ ಸಲ ದೀಪಾವಳಿಗೆಂದು ಊರಿಗೆ ಹೋಗುವ ವಿದ್ಯಾರ್ಥಿಗಳು ಹಬ್ಬದ ಮರುದಿನ ಶಾಲೆ ತೆರೆದೊಡನೆ ಆ ಪತ್ರಗಳನ್ನು ಬರೆಸಿಕೊಂಡು, ಮೇಲಿನ ಸಹಿಯನ್ನೂ ಮಾಡಿಸಿಕೊಂಡು ಬರತಕ್ಕದ್ದು. ಪ್ರಸಾದ ನಿಲಯದ ವ್ಯವಸ್ಥಾಪಕರು ಅವುಗಳ ನಕಲುಗಳನ್ನು ತೆಗೆದಿಡುವರು.